ಜಿಗಿ ಇಲ್ಲದ ಹಿಟ್ಟು

ಗ್ರಾಹಕರಿಗೆ ‘ಇಲ್ಲ’ ಅನ್ನಬಾರದು. ಬಿಬವೇವಾಡಿಯ ಆ ದೊಡ್ಡ ಕಿರಾಣಿ ಮಳಿಗೆಗೆ ಸೇರಿದ ದಿನ ಮ್ಯಾನೇಜರು ಕಲಿಸಿದ ಪಾಠ ಇದೊಂದೇ. ಏನು ಕೇಳಿದರೂ ನಗಬೇಕು, ‘ಹೌದು’ ಅನ್ನಬೇಕು. ನನ್ನನ್ನು ಹಿಟ್ಟು, ಕಾಳುಗಳ ಸಾಲಿಗೆ ನಿಲ್ಲಿಸಿದರು. ವಿಜಯಪುರದ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದವಳು ನಾನು. ಇಪ್ಪತ್ತು ವರ್ಷ ದಿನಾ ರೊಟ್ಟಿ ಬಡಿದ ಕೈ ಇದು. ಜನ್ಮದಲ್ಲಿ ಒಮ್ಮೆಯೂ ಹಿಟ್ಟು ನಾದದ ಗಂಡಸು ನನಗೆ ಹಿಟ್ಟು ಮಾರುವುದನ್ನು ಕಲಿಸುತ್ತಾನಂತೆ! ಆದರೂ ಕೆಲಸ ಬೇಕಿತ್ತು, ಬಾಯಿ ಮುಚ್ಚಿಕೊಂಡೆ.

ಜೋಳದ ಹಿಟ್ಟು ಹಳತಾದರೆ ಅದರ ಜಿಗಿ, ಅಂದರೆ ಅಂಟು, ಹೋಗುತ್ತದೆ. ಎಷ್ಟೇ ಕುದಿನೀರು ಹಾಕಿ ನಾದಿದರೂ ಬಡಿಯುವಾಗ ಅಂಚು ಸೀಳುತ್ತದೆ, ಎತ್ತುವಾಗ ರೊಟ್ಟಿ ತುಂಡಾಗುತ್ತದೆ. ಅದಕ್ಕೇ ನಮ್ಮ ಕಡೆಯ ಹೆಂಗಸರು ಚಿಟಿಕೆ ಹಿಟ್ಟಿಗೆ ಎರಡು ಹನಿ ನೀರು ಹಾಕಿ, ಅಂಗೈಯಲ್ಲಿ ತಿಕ್ಕಿ ನೋಡಿಯೇ ಕೊಳ್ಳುವುದು. ಮಳಿಗೆಯಲ್ಲಿ ಎಲ್ಲವೂ ಮುಚ್ಚಿದ ಪೊಟ್ಟಣ. ಹಾಗಾಗಿ ಅವರು ಹಿಟ್ಟಿನ ಬದಲು ನನ್ನ ಮುಖ ನೋಡುತ್ತಿದ್ದರು.

ಒಂದು ಶನಿವಾರ ಕಟ್ಟಡದ ಕೆಲಸಕ್ಕೆ ಹೋಗುವ ಯಾದಗಿರಿ ಕಡೆಯ ಹೆಂಗಸೊಬ್ಬಳು ಬಂದಳು. ನನ್ನ ಕನ್ನಡ ಕೇಳಿ ಅವಳ ಮುಖ ಅರಳಿತು.

“ಅಕ್ಕಾ, ನಾಳಿಗಿ ಮಗಳಿಗಿ ನೋಡ್ಲಾಕ ಗಂಡಿನವರು ಬರ್ತಾರ್ರಿ. ಹಿಟ್ಟು ಹೊಸಾದದ ಏನ್ರೀ?”

ದೀಪಾವಳಿಗೂ ಮುಂಚೆ ಬಂದು, ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂತ ಮಾಲು ಅದು. ನನಗೆ ಗೊತ್ತಿತ್ತು. ಆದರೆ ಮ್ಯಾನೇಜರು ಬೆನ್ನ ಹಿಂದೆಯೇ ನಿಂತಿದ್ದರು. ನಕ್ಕೆ. “ಹೌದ್ರಿ, ಹೊಸಾದದ,” ಅಂದೆ.

ಸೋಮವಾರ ಅವಳು ಒಡೆದ ಪೊಟ್ಟಣದ ಜೊತೆ ಬಟ್ಟೆಯಲ್ಲಿ ಏನೋ ಕಟ್ಟಿಕೊಂಡು ಬಂದಳು. ಬಿಚ್ಚಿದರೆ ರೊಟ್ಟಿಯ ಚೂರುಗಳು. ಅವಳು ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಮೆಲ್ಲಗೆ ಹೇಳಿದಳು: “ನೀವು ನಮ್ಮವರಂತ ನಂಬಿ ಒಯ್ದಿದ್ದೆರಿ. ಮಗಳು ಅವರ ಮುಂದ ಬಡದ್ರ ಒಂದೂ ನೆಟ್ಟಗ ಬರ್ಲಿಲ್ಲ. ಹುಡುಗಿಗಿ ರೊಟ್ಟಿ ಬಡೀಲಾಕ ಬರಲ್ಲ ಅಂದು ಎದ್ದು ಹೋದ್ರು.”

ಮ್ಯಾನೇಜರು ಬಂದು ಪೊಟ್ಟಣವನ್ನಷ್ಟೇ ನೋಡಿದರು. ಒಡೆದದ್ದನ್ನು ವಾಪಸು ತಗೊಳ್ಳುವುದಿಲ್ಲ ಅಂದರು. ಆಮೇಲೆ ನನ್ನ ಕಡೆ ತಿರುಗಿ ಮರಾಠಿಯಲ್ಲಿ, “ಇವರಿಗೆ ಮಾಡಲು ಬಾರದಿದ್ದರೆ ಹಿಟ್ಟೇನು ಮಾಡೀತು?” ಅಂದು ನಕ್ಕರು.

ನನ್ನ ಪಿತ್ತ ನೆತ್ತಿಗೇರಿತು. ಚಹಾ ಮಾಡುವ ಕೆಟಲಿನಲ್ಲಿ ನೀರು ಕುದಿಸಿದೆ. ಕಪಾಟಿನಿಂದ ಅದೇ ಮಾಲಿನ ಇನ್ನೊಂದು ಪೊಟ್ಟಣ ತೆಗೆದು, ಬಿಲ್ ಮಾಡುವ ಕೌಂಟರಿನ ಮೇಲೆಯೇ ಟರ್ರನೆ ಹರಿದೆ. ಸ್ಟೀಲಿನ ತಟ್ಟೆಯಲ್ಲಿ ನಾದಿದೆ, ಬಡಿದೆ. ಅಂಗೈಯಗಲ ಆಗುವ ಮೊದಲೇ ಸುತ್ತಲೂ ಸೀಳಿತು. ಸಾಲಿನಲ್ಲಿ ನಿಂತಿದ್ದ ಮರಾಠಿ ಹೆಂಗಸರು ಬುಟ್ಟಿ ಇಳಿಸಿ ಹತ್ತಿರ ಬಂದರು. ಅವರದೂ ಭಾಕರಿ, ಅಂದರೆ ಇದೇ ರೊಟ್ಟಿ, ಬಡಿದ ಕೈಗಳೇ ಅಲ್ಲವೆ? ಒಬ್ಬ ಅಜ್ಜಿ ಹಿಟ್ಟನ್ನು ಬೆರಳಲ್ಲಿ ತಿಕ್ಕಿ, “ಪೀಠ್ ಜುನಂ ಆಹೇ,” ಹಿಟ್ಟು ಹಳತು ಅಂದವಳೇ ತನ್ನ ಪೊಟ್ಟಣವನ್ನು ಕೌಂಟರಿನ ಮೇಲೆ ಕುಕ್ಕಿದಳು.

“ಇಲ್ಲ,” ಅಂದೆ, ಎಲ್ಲರಿಗೂ ಕೇಳುವಂತೆ. “ಈ ಹಿಟ್ಟು ಹೊಸದಲ್ಲ. ಶನಿವಾರ ನಾನು ಸುಳ್ಳು ಹೇಳಿದೆ.”

ಅಷ್ಟು ಜನರ ಮುಂದೆ ಮ್ಯಾನೇಜರು ಹಿಟ್ಟು ವಾಪಸು ತಗೊಂಡರು. ನನ್ನನ್ನು ಮರುದಿನವೇ ಸಾಬೂನಿನ ಸಾಲಿಗೆ ಹಾಕಿದರು. ಹಾಕಲಿ! ಹೆಂಗಸರು ಜೋಳದ ಹಿಟ್ಟು ಹಿಡಿದು ಸಾಬೂನಿನ ಸಾಲಿಗೇ ಬರತೊಡಗಿದರು. ಹಿಟ್ಟಿಗೆ ಎರಡು ಹನಿ ಹಾಕಿ ತಿಕ್ಕಿ ನೋಡಲೆಂದು ನಾನು ನೀರಿನ ಬಾಟಲಿ ಕೈಯಲ್ಲೇ ಇಟ್ಟುಕೊಂಡೆ.

ತಿಂಗಳಾದ ಮೇಲೆ ಆ ಹೆಂಗಸೂ ಬಂದಳು. ಗಂಡಿನವರ ವಿಷಯ ನಾನು ಕೇಳುವ ಮೊದಲೇ ಅವಳೇ ಹೇಳಿದಳು: “ಅವರು ಮತ್ತ ಬರ್ಲಿಲ್ರಿ. ಹೋದ್ರ ಹೋಗ್ಲಿ ಅಂದಳು ಮಗಳು. ರೊಟ್ಟಿ ಹರದದ್ದಕ್ಕ ಎದ್ದು ಹೋಗೋರ ಮನ್ಯಾಗ ನಾ ಹ್ಯಾಂಗ ಬಾಳ್ಲಿ ಅಂದಳು.”

ಅವಳ ಕೈಯಲ್ಲಿದ್ದ ಪೊಟ್ಟಣದ ತಾರೀಕು ನೋಡಿದೆ. “ಇದು ಚೊಲೋ ಅದ್ರಿ. ಖರೇನ ಹೊಸಾದು,” ಅಂದೆ.

ಅವಳು ನನ್ನ ಮುಖ ನೋಡಲಿಲ್ಲ. ಪೊಟ್ಟಣದ ಮೂಲೆಯನ್ನು ಹಲ್ಲಿನಿಂದ ಹರಿದು, ಚಿಟಿಕೆ ಹಿಟ್ಟು ಅಂಗೈಗೆ ಸುರಿದುಕೊಂಡು ಕೈ ಮುಂದೆ ಚಾಚಿದಳು.

“ನೀರ್ ಹಾಕ್ರಿ. ನಾನ ನೋಡ್ತೀನಿ.”

ಸಾಲಿನ ತುದಿಯಲ್ಲಿ ಮ್ಯಾನೇಜರು ನಿಂತು ನೋಡುತ್ತಿದ್ದರು. ನಾನು ಬಾಟಲಿಯ ಮುಚ್ಚಳ ತೆಗೆದೆ.