ಬೀಗರ ಟ್ರ್ಯಾಕ್ಟರಿನ ಫಿಲ್ಟರು

ಈ ಸಂಗತಿ ಬರೆಯಲು ಕುಳಿತಾಗಲೆಲ್ಲ ನನಗೆ ಬೇರೊಂದು ತುರ್ತು ಕೆಲಸ ಜ್ಞಾಪಕಕ್ಕೆ ಬರುತ್ತದೆ: ಕನ್ನಡಕ ಒರೆಸುವುದು, ಎಮ್ಮೆಯ ಮೈ ತೊಳೆಯುವುದು, ಒಮ್ಮೆಯಂತೂ ಹೋದ ವರ್ಷದ ಕ್ಯಾಲೆಂಡರನ್ನು ಮಡಿಸಿಡುವುದು. ಇವತ್ತು ತಪ್ಪಿಸಿಕೊಳ್ಳಲಾಗಲಿಲ್ಲ. ಬೆಳಿಗ್ಗೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲಾಗದೆ ನನ್ನವಳು ಅಡಿಗೆಮನೆಯಿಂದ ಕೂಗಿದಳು. ಕಚ್ಚಿಕೊಂಡ ಮುಚ್ಚಳ ಕಂಡರೆ ಸಾಕು, ನನಗೆ ಕುಲಗೋಡದ ಆ ಟ್ರ್ಯಾಕ್ಟರು ನೆನಪಾಗುತ್ತದೆ.

ಮಗನ ಮದುವೆಯಾದ ಹೊಸತು. ಕಣಗಲಾದಿಂದ ಕುಲಗೋಡಕ್ಕೆ, ಸೊಸೆಯ ತವರಿಗೆ ಹೋಗಿದ್ದೆ. ಗಂಡಿನ ತಂದೆ ಎಂಬ ಪದವಿಯ ಸುಖವನ್ನು ಅನುಭವಿಸಿದವರೇ ಬಲ್ಲರು: ಕೂತಲ್ಲಿಗೆ ನೀರು, ನಿಂತಲ್ಲಿಗೆ ಚಹಾ, ಆಡಿದ ಮಾತಿಗೆಲ್ಲ ‘ಹೌದ್ರಿ’. ಬೀಗರು, ಅಂದರೆ ಸೊಸೆಯ ತಂದೆ, ಟ್ರ್ಯಾಕ್ಟರಿನ ಕೆಳಗೆ ಮಲಗಿ ಆಯಿಲ್ ಬದಲಿಸುತ್ತಿದ್ದರು. ಓಣಿಯವರ ಟ್ರ್ಯಾಕ್ಟರುಗಳನ್ನೂ ಅವರೇ ನೋಡುತ್ತಿದ್ದರು. ಅವರ ಕೈ ಬಿದ್ದರೆ ಒಂದು ಹನಿಯೂ ಸೋರದೆಂಬ ಹೆಸರಿತ್ತು. ಆ ದಿನ ಆಯಿಲ್ ಫಿಲ್ಟರು ತುಸು ಹಟ ಹಿಡಿದಿತ್ತು.

“ಬಿಡ್ರಿ ಬೀಗರ, ನಾ ತಗೀತೇನಿ. ಅದೇನ್ ದೊಡ್ಡ ಮಾತು!” ಎಂದು ಅಂಗಿಯ ತೋಳು ಮಡಿಸಿದೆ.

ಫಿಲ್ಟರೆಂದರೆ ಎಂಜಿನ್ನಿಗೆ ಕೆಳಗಿನಿಂದ ತಿರುವಿ ಹಾಕಿದ ಡಬ್ಬಿ. ಮಲಗಿ ನೋಡುವವನಿಗೆ ಬಿಚ್ಚುವ ದಿಕ್ಕು ಒಂದಾದರೆ, ಮೇಲಿನಿಂದ ಬಗ್ಗುವವನಿಗೆ ಅದರ ವಿರುದ್ಧ. ಆದರೆ, ನೀವೇ ಹೇಳಿ, ಗಂಡಿನ ತಂದೆಯಾದವನು ನೆಲಕ್ಕೆ ಮಲಗುವುದುಂಟೆ? ಮೇಲಿನಿಂದಲೇ ಪಟ್ಟಿಯ ಪಾನಾ, ಅಂದರೆ ಬೆಲ್ಟಿನ ಸ್ಪ್ಯಾನರು, ಸುತ್ತಿ, ಮನೆಯ ಡಬ್ಬಿ ತೆಗೆಯುವ ದಿಕ್ಕಿಗೆ ಜಗ್ಗಿದೆ. ಜಗ್ಗಿದಷ್ಟೂ ಅದು ಬಿಗಿಯಾಯಿತು. ಕೆಳಗಿದ್ದ ಬೀಗರಿಗೆ ಎಲ್ಲ ಕಾಣುತ್ತಿತ್ತು. ಹೆಣ್ಣು ಕೊಟ್ಟವರು ತಪ್ಪು ಎನ್ನುವುದು ಹೇಗೆ? “ಕೈ ಅಂದ್ರ ಕೈ ನೋಡ್ರಿ ನಮ್ಮ ಬೀಗರದು!” ಎಂದರು.

ಚಹಾ ತಂದ ಬೀಗಿತಿಗೆ ಅಷ್ಟು ಸಂಕೋಚವಿರಲಿಲ್ಲ. “ಏನ್ರಿ ಬೀಗರ, ಬಿಚ್ಚಾಕತ್ತೀರೋ, ಬಿಗ್ಯಾಕತ್ತೀರೋ? ಚಾ ಆರಾಕತ್ತೈತಿ.”

“ಏ, ನಿನಗೇನ್ ತಿಳೀತೈತಿ? ಒಳಗ ಹೋಗು” ಎಂದಿತು ಟ್ರ್ಯಾಕ್ಟರಿನ ಕೆಳಗಿನ ದನಿ.

ನನಗೆ ತಿಳಿಯಿತು. ಸದ್ದಿಲ್ಲದೆ ದಿಕ್ಕು ಬದಲಿಸಿದೆ; ಅದು ಜಪ್ಪೆನ್ನಲಿಲ್ಲ. ಕೊನೆಗೆ ಬೀಗರು ಸ್ಕ್ರೂ ಡ್ರೈವರನ್ನು ಸುತ್ತಿಗೆಯಿಂದ ಬಡಿದು ಫಿಲ್ಟರಿನ ಹೊಟ್ಟೆಯಲ್ಲೇ ತೂರಿಸಿ, ಅದನ್ನೇ ಹಿಡಿದು ತಿರುವಿದರು. ಫಿಲ್ಟರು ಬಂತು, ಜೊತೆಗೆ ಉಳಿದಿದ್ದ ಕರಿ ಆಯಿಲೆಲ್ಲ ಅವರ ಮೀಸೆಯ ಮೇಲೆ.

ಪಕ್ಕದ ಮನೆಯವನು ಬಂದು ನಕ್ಕ: “ಯಾರ್ರಿ ಇದನ್ನ ಇಷ್ಟ ಬಿಗದವರು?”

“ನಾನ ಅಲ್ಲೇನೋ. ಹ್ವಾದ ಸಲ ನಾನ ಬಿಗದಿದ್ನಿ” ಎಂದರು ಬೀಗರು, ನನ್ನ ಕಡೆ ನೋಡದೆ. ನಾನು ಆರಿದ ಚಹಾವನ್ನು ಆಸ್ಥೆಯಿಂದ ಕುಡಿದೆ.

ಅಲ್ಲಿಗೇ ನಿಲ್ಲಿಸಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಬೀಗರು ತಾವೇ ಬಿಗಿದ ಫಿಲ್ಟರಿನಿಂದ ಮುಖ ಕಪ್ಪು ಮಾಡಿಕೊಂಡ ಕತೆಯನ್ನು ಊರೂರ ಮದುವೆಗಳಲ್ಲಿ ಅಭಿನಯಸಹಿತ ಹೇಳಿದೆ. ಹುಕ್ಕೇರಿಯಲ್ಲಿ ಪಾನಾ ಹಿಡಿದವರು ಇಬ್ಬರಿದ್ದರು, ಗೋಕಾಕದಲ್ಲಿ ನಾಲ್ವರಾದರು, ಮೂಡಲಗಿಗೆ ಬರುವಷ್ಟರಲ್ಲಿ ಎತ್ತು ಹೂಡಿದ್ದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಬೀಗರೂ ನಕ್ಕರು. ಆದರೆ ಮೂಡಲಗಿಯ ಪೆಂಡಾಲಿನಲ್ಲಿ ಒಬ್ಬ ಬೀಗರ ಕಡೆ ತಿರುಗಿ, “ಕಾಕಾ, ನಮ್ಮ ಟ್ರ್ಯಾಕ್ಟರಿಗೆ ಕೈ ಹಚ್ಚಬ್ಯಾಡ್ರಿ, ಎತ್ತು ಹೂಡೂದಾಗತೈತಿ!” ಎಂದಾಗ, ಬೀಗರು ನಗುತ್ತಲೇ ತಮ್ಮ ಎರಡೂ ಕೈಗಳನ್ನು ಹೆಗಲ ಟಾವೆಲಿನೊಳಗೆ ಸೇರಿಸಿಕೊಂಡರು. ಅದನ್ನು ನಾನೊಬ್ಬನೇ ನೋಡಿದೆ. ಆಮೇಲೆ ಓಣಿಯ ಟ್ರ್ಯಾಕ್ಟರುಗಳು ಅವರ ಅಂಗಳಕ್ಕೆ ಬರುವುದು ನಿಂತಿತೆಂದೂ ಕೇಳಿದೆ.

ನಾಳೆ ನಮ್ಮ ಮನೆಯಲ್ಲಿ ಮೊಮ್ಮಗನ ಜಾವಳ, ಮೊದಲ ಸಲ ಕೂದಲು ತೆಗೆಸುವ ಶಾಸ್ತ್ರ. ಬೀಗರು ಬರುತ್ತಾರೆ. ಊಟವಾದ ಮೇಲೆ ಫಿಲ್ಟರಿನ ಕತೆಗೆ ಬೇಡಿಕೆ ಬಂದೇ ಬರುತ್ತದೆ.

ಬೆಳಿಗ್ಗೆ ಬಾಟಲಿಯನ್ನು ನನ್ನ ಕೈಗಿಡುತ್ತ ನನ್ನವಳೂ ಅದನ್ನೇ ಕೇಳಿದಳು: “ಯಾರ್ರಿ ಇದನ್ನ ಇಷ್ಟ ಬಿಗದವರು?”

“ನಾನ” ಎಂದೆ.

ಸೂರು ಕಳಚಿ ಬೀಳಲಿಲ್ಲ. ಮುಚ್ಚಳ ಬಂತು, ರೊಟ್ಟಿಯ ಮೇಲೆ ಒಂದು ಹೋಳು ಹೆಚ್ಚಿಗೆಯೇ ಬಿತ್ತು. ಉಪ್ಪಿನಕಾಯಿಯೆದುರು ಇಷ್ಟು ಸಲೀಸಾಗಿ ಹೊರಟ ಮಾತು ನಾಳೆ ಪಂಕ್ತಿಯೆದುರು ಹೊರಡದೆ? ಎತ್ತು ಹೂಡಿರಲಿಲ್ಲ. ಬಿಗಿದವನು ನಾನು. ಆಯಿಲನ್ನೂ ನಗೆಯನ್ನೂ ಮುಖಕ್ಕೆ ಸುರಿಸಿಕೊಂಡವರನ್ನು ನಾನು ಇದುವರೆಗೆ ಬೀಗರು ಎಂದಷ್ಟೇ ಕರೆದಿದ್ದೇನೆ, ಹೆಸರು ಹಿಡಿಯುವ ರೂಢಿ ನಮ್ಮಲ್ಲಿಲ್ಲ. ಆದರೂ ಓಣಿಯವರೆಲ್ಲ ಮತ್ತೆ ತಮ್ಮ ಟ್ರ್ಯಾಕ್ಟರು ಯಾರ ಅಂಗಳಕ್ಕೆ ಒಯ್ಯಬೇಕೆಂದು ತಿಳಿಯಲಿ: ಕುಲಗೋಡದ ಸಿದ್ಲಿಂಗಪ್ಪ.