ಸೀರೆ ಹೊತ್ತ ಮರಿಯ ಶರ್ಯತ್ತು

ಹೇರು ಹೊರುವ ಕುದುರೆ ಹಾರಬಾರದು. ಹೊಲದ ಒಡ್ಡು ಬಂದರೆ ಸುತ್ತಿಕೊಂಡು ಹೋಗಬೇಕು, ಹಳ್ಳ ಬಂದರೆ ಇಳಿದು ದಾಟಬೇಕು, ಬೇಲಿ ಬಂದರೆ ಯಾರಾದರೂ ಮುಳ್ಳು ಸರಿಸುವವರೆಗೆ ಸುಮ್ಮನೆ ನಿಲ್ಲಬೇಕು. ನಮ್ಮ ಮನೆಯ ಮುದಿ ಹೆಣ್ಣುಕುದುರೆಗೆ ಇದೆಲ್ಲ ಗೊತ್ತಿತ್ತು. ಅದರ ಹೊಟ್ಟೆಯಲ್ಲಿ ಹುಟ್ಟಿದ ಹೆಣ್ಣುಮರಿಗೆ ಮಾತ್ರ ಎಷ್ಟು ಕಲಿಸಿದರೂ ತಲೆಗೆ ಹತ್ತಲಿಲ್ಲ. ಬೆನ್ನ ಮೇಲೆ ಇಳಕಲ್ಲಿನ ಸೀರೆಗಳ ಗಂಟು ಇದೆಯೋ ಇಲ್ಲವೋ ಎಂದು ಅದು ವಿಚಾರ ಮಾಡುತ್ತಲೇ ಇರಲಿಲ್ಲ. ಒಡ್ಡು ಕಂಡರೆ ಸಾಕು, ಹಾರಿಬಿಡುತ್ತಿತ್ತು.

ಅದಕ್ಕೆ ಯಾರೂ ಹೆಸರು ಇಡಲಿಲ್ಲ. ಹುಟ್ಟಿದಾಗ ಮರಿ ಎಂದು ಕರೆದದ್ದು, ತಾಯಿಗಿಂತ ಎತ್ತರ ಬೆಳೆದ ಮೇಲೂ ಮರಿಯೇ ಆಗಿ ಉಳಿಯಿತು. ನಾನು ಬೇವೂರಿನಿಂದ ಕಮತಗಿಗೆ ಸೊಸೆಯಾಗಿ ಬಂದ ವರ್ಷವೇ ಅದೂ ಹುಟ್ಟಿದ್ದು. ಇಬ್ಬರೂ ಆ ಮನೆಗೆ ಹೊಸಬರು, ಇಬ್ಬರೂ ದಿನಾ ಬೈಸಿಕೊಳ್ಳುವವರು. ನನ್ನ ಪಾಲಿನ ರೊಟ್ಟಿಯಲ್ಲಿ ಒಂದು ಚೂರು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋಗಿ ಅದಕ್ಕೆ ತಿನ್ನಿಸುತ್ತಿದ್ದೆ. ಈಗ ಈ ವಯಸ್ಸಿನಲ್ಲಿ ನಾಚಿಕೆ ಏಕೆ, ಮೊದಲ ವರ್ಷ ನನಗೆ ಗಂಡನಿಗಿಂತ ಮರಿಯ ಮೇಲೆಯೇ ಹೆಚ್ಚು ಜೀವವಿತ್ತು. ನಮ್ಮವರ ಹೆಸರನ್ನು ನಾನು ಇಂದಿಗೂ ಬಾಯಿಬಿಟ್ಟು ಹೇಳುವವಳಲ್ಲ. ಇಲ್ಲಿ ಬರೆಯುವುದೂ ಇಲ್ಲ.

ಮಾವನದು ಸೀರೆ ವ್ಯಾಪಾರ. ಇಳಕಲ್ಲಿನ ನೇಕಾರರ ಮನೆಗಳಿಂದ ಸೀರೆ ತಂದು ಗಂಟು ಕಟ್ಟಿ, ಕುದುರೆಯ ಮೇಲೆ ಹೇರಿ, ಹುನಗುಂದ, ಬಾಗಲಕೋಟೆ, ಬಾದಾಮಿ ಕಡೆಯ ಊರುಗಳನ್ನು ತಿರುಗುತ್ತಿದ್ದರು. ಮೋಟಾರು ಇನ್ನೂ ಆ ಹಾದಿಗಳಿಗೆ ಬಂದಿರಲಿಲ್ಲ. ಕುದುರೆಗೆ ಅವರು ಕಲಿಸಿದ್ದು ಒಂದೇ ಪಾಠ. ಬಾಗಿಲು ತೆರೆದಿದ್ದರೆ ನಿಲ್ಲು, ಮುಚ್ಚಿದ್ದರೆ ಮುಂದೆ ನಡೆ. ತೆರೆದ ಬಾಗಿಲಲ್ಲಿ ಗಿರಾಕಿ ಇರುತ್ತಾಳೆ, ಮುಚ್ಚಿದ ಬಾಗಿಲಲ್ಲಿ ಹೊತ್ತು ಹಾಳು. ಸೀರೆ ನೋಡಲು ಬಂದ ಹೆಂಗಸರು ಕುದುರೆಯ ಬಾಯಿಗೆ ಒಂದು ಚೂರು ಬೆಲ್ಲ ಇಡುವುದೂ ರೂಢಿಯಾಗಿತ್ತು. ತಾಯಿಯ ಬೆನ್ನು ಹತ್ತಿ ತಿರುಗಿದ ಮರಿ ಕಲಿತದ್ದು ಇದನ್ನಷ್ಟೇ, ಆದರೆ ಇದನ್ನು ಚೆನ್ನಾಗಿಯೇ ಕಲಿತಿತ್ತು. ನಮ್ಮ ಓಣಿಯಲ್ಲಿ ಬರಿಬೆನ್ನಲ್ಲಿ ನೀರಿಗೆ ಹೊರಟಾಗಲೂ ತೆರೆದ ಬಾಗಿಲು ಕಂಡಲ್ಲೆಲ್ಲ ನಿಂತು ಒಳಗೆ ಮೂತಿ ತೂರಿಸುತ್ತಿತ್ತು.

ಇನ್ನು ನಮ್ಮ ಬಾಗಿಲು. ವ್ಯಾಪಾರದ ಮನೆಯ ಬಾಗಿಲನ್ನು ಹೊತ್ತು ಮುಳುಗುವವರೆಗೆ ಹಾಕಬಾರದೆಂಬುದು ಮಾವನ ನೇಮ. ಹಾಕಿದ ಬಾಗಿಲು ಕಂಡರೆ ಲಕ್ಷ್ಮಿ ಹಾಗೆಯೇ ತಿರುಗಿ ಹೋಗುತ್ತಾಳಂತೆ. ಗಾಳಿ ಬೀಸಲಿ, ಧೂಳು ಬರಲಿ, ಬೀದಿಯ ನಾಯಿಗಳೆಲ್ಲ ಪಡಸಾಲೆಯಲ್ಲಿ ಬಂದು ಮಲಗಲಿ, ಎರಡೂ ಕದ ತೆರೆದೇ ಇರಬೇಕು. ಅವರ ತಾಯಿ ತೀರಿಕೊಂಡ ದಿನ ಮಾತ್ರ ಹಗಲಿನಲ್ಲಿ ಕದ ಹಾಕಿದ್ದರಂತೆ. ಪಡಸಾಲೆಯ ಧೂಳು ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದುಹೋಗುತ್ತಿತ್ತು. ಆದರೆ ಮಾವನಿಗೆ ಎದುರು ಮಾತಾಡುವುದು ಹೇಗೆ? ಅವರು ಸೊಸೆಯೊಡನೆ ನೇರವಾಗಿ ಮಾತೇ ಆಡುವವರಲ್ಲ. ನಾನು ಎದುರಿಗೇ ನಿಂತಿದ್ದರೂ ಅತ್ತೆಯತ್ತ ತಿರುಗಿ “ಆಕಿಗಿ ನೀರ ತರಾಕ ಹೇಳು” ಎನ್ನುತ್ತಿದ್ದರು. ಅತ್ತೆ ನನ್ನತ್ತ ತಿರುಗಿ ಅದನ್ನೇ ಇನ್ನೊಮ್ಮೆ ಹೇಳುವ ಹೊತ್ತಿಗೆ ನಾನು ನೀರು ತಂದಾಗಿರುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಮ್ಮೆ ಬಾದಾಮಿಯ ಹಾದಿಯಲ್ಲಿ ಮರಿ ಹಳ್ಳವನ್ನು ಇಳಿದು ದಾಟುವ ಬದಲು ಹಾರಿತು. ಆಚೆ ದಂಡೆಗೆ ಅದು ಸುಖವಾಗಿ ಮುಟ್ಟಿತು. ಹಗ್ಗ ಹರಿದು ಗಂಟು ಮಾತ್ರ ಕೆಸರುನೀರಿಗೆ ಬಿತ್ತು. ಮದುವೆಗೆಂದು ಒಯ್ಯುತ್ತಿದ್ದ ರೇಷ್ಮೆ ಸೆರಗಿನ ಸೀರೆಗಳು. ಕೆಂಪು ಬಣ್ಣ ಬಿಟ್ಟುಕೊಂಡು ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿ ಎಲ್ಲವೂ ಕಲೆಗಟ್ಟಿದವು. ಮಾವ ಅವನ್ನು ಮಾಳಿಗೆಯ ಮೇಲೆ ಒಣಗಹಾಕಿ, ಒಣಗಿದ ಮೇಲೆ ಮಡಚಿ, ಆಮೇಲೆ ಬಾಯಿ ತೆರೆದರು.

“ಬಾದಾಮಿ ಸ್ಟೇಷನ್ನಿನ ಟಾಂಗಾದಂವ ಒಂದು ಕುದುರಿ ಬೇಕಂದಿದ್ದ. ಅವಗ ಕೊಟ್ಟಬಿಡೂಣು. ಟಾಂಗಾಕ್ಕ ಕಟ್ಟಿದರ ಹಾರೂದ ತಾನ ಮರೀತೈತಿ.”

ಅಂದು ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ರೊಟ್ಟಿ ಸೀದವು. ಸ್ಟೇಷನ್ನಿನ ಟಾಂಗಾ ಕುದುರೆಗಳನ್ನು ನಾನು ನೋಡಿದ್ದೆ. ಪಕ್ಕೆಯ ಎಲುಬು ಎಣಿಸುವ ಹಾಗೆ ಇರುತ್ತಿದ್ದವು. ನಮ್ಮ ಮರಿ ಅಲ್ಲಿ ಹಾರುವುದನ್ನಷ್ಟೇ ಅಲ್ಲ, ತಿನ್ನುವುದನ್ನೂ ಮರೆಯಬೇಕಾಗಿತ್ತು.

ಅದನ್ನು ಉಳಿಸುವ ಮಾತು ಮೊದಲು ಬಂದದ್ದು ಹಿಂದಿನ ಓಣಿಯ ಜಮಾದಾರ ಸಾಹೇಬರ ಬಾಯಿಂದ. ಕುದುರೆ ಪಲ್ಟಣದಲ್ಲಿ ದುಡಿದು ಪೆನ್ಶನ್ ಪಡೆದು ಊರಿಗೆ ಬಂದಿದ್ದ ಸಾಬರು ಅವರು. ಮಾವನ ಹಳೆಯ ದೋಸ್ತಿ. ಒಂದು ಸಂಜೆ ನಮ್ಮ ಕಟ್ಟೆಯ ಮೇಲೆ ಕೂತಿದ್ದಾಗ ಮರಿ ಹಿತ್ತಲಿನ ಗೋಡೆ ಹಾರಿ ಬೀದಿಗೆ ಬಂತು. ಸಾಹೇಬರು ಕೈಯಲ್ಲಿದ್ದ ಚಹಾ ಕೆಳಗಿಟ್ಟರು.

“ತಪ್ಪು ನಿಮ್ಮದ ಐತ್ರಿ ಸಾವಕಾರ್ರ,” ಎಂದರು. “ಇದರ ಮ್ಯಾಲಿನ ಗಂಟ ಇಳಸ್ರಿ, ಒಬ್ಬ ಮನಷ್ಯಾನ್ನ ಕೂಡಸ್ರಿ. ಈ ಸರ್ತಿ ಶರ್ಯತ್ತಿಗಿ ಬಿಡ್ರಿ.”

ಹೋಳಿಯ ಬಣ್ಣ ಮುಗಿದ ಮೇಲೆ, ಜೋಳದ ಕೊಯ್ಲಾಗಿ ಹೊಲ ಬರಿದಾದಾಗ, ನಮ್ಮಲ್ಲಿ ಕುದುರೆ ಶರ್ಯತ್ತು ನಡೆಯುತ್ತಿತ್ತು. ಹೊಳೆಯ ದಂಡೆಯಿಂದ ಹೊರಟು ಒಡ್ಡು, ಮುಳ್ಳುಬೇಲಿ, ಒಣ ಹಳ್ಳ ಎಲ್ಲ ಹಾರಿಕೊಂಡು ಊರೊಳಗೆ ನುಗ್ಗಿ, ನಮ್ಮ ಓಣಿಯ ಗುಂಟ ಓಡಿ, ಊರ ಬಾಗಿಲಾದ ಅಗಸಿಯನ್ನು ದಾಟಬೇಕು. ಅಗಸಿಯ ಆಚೆ ಜೋಳದ ಒಣದಂಟಿನ, ಅಂದರೆ ಕಣಿಕೆಯ, ಸೂಡುಗಳನ್ನು ಎದೆಮಟ್ಟ ಒಟ್ಟಿ ಗೋಡೆ ಮಾಡಿರುತ್ತಿದ್ದರು. ಅದೇ ಕೊನೆಯ ಹಾರು. ಗೆದ್ದವರಿಗೆ ಜರಿಯ ರುಮಾಲು.

ನಾನು ಮದುವೆಯಾಗಿ ಬಂದಾಗಿನಿಂದ ಆ ರುಮಾಲು ಎರಡೇ ಮನೆಗಳಲ್ಲಿ ತಿರುಗುತ್ತಿತ್ತು. ಒಂದು ವರ್ಷ ದೇಸಾಯರ ಬಿಳಿ ಕುದುರೆ ಗೆದ್ದರೆ ಮರುವರ್ಷ ಜಮಾದಾರ ಸಾಹೇಬರ ಕೆಂಪು ಕುದುರೆ. ಎರಡಕ್ಕೂ ವಯಸ್ಸಾಗಿತ್ತು. ಬಿಳಿಯದರ ಕೆಳತುಟಿ ಜೋತುಬಿದ್ದಿತ್ತು, ಕೆಂಪಿನದರ ಕಣ್ಣಿನ ಮೇಲೆ ಗುಳಿ ಬಿದ್ದಿತ್ತು. ಆದರೂ ಓಡಿಸುವುದನ್ನು ಯಾರೂ ಬಿಡಲೊಲ್ಲರು. ಬೇರೆ ಮನೆಯ ಕುದುರೆಗೆ ಸೋತರೆ ಮರ್ಯಾದೆಯಿಂದ ನಿಲ್ಲಿಸಬಹುದಿತ್ತು. ಒಬ್ಬರಿಗೊಬ್ಬರು ಸೋತು ನಿಲ್ಲಿಸಲು ಮಾತ್ರ ಇಬ್ಬರೂ ತಯಾರಿರಲಿಲ್ಲ.

“ನಮ್ಮದಕ್ಕ ಮೊಣಕಾಲ ಬ್ಯಾನಿ, ದೇಸಾಯರದಕ್ಕ ಉಬ್ಬಸ,” ಎಂದರು ಸಾಹೇಬರು. “ಎರಡನ್ನೂ ಸೋಲಿಸಾಕ ಯಾರರ ಬೇಕಲ್ರಿ. ಖರೆ ಹೇಳತೇನಿ, ಆ ಮುದುಕರ ಪುಣ್ಯಾ ಬರತೈತಿ ನಿಮಗ.”

ಮಾವ ಹೇಳಿದರು: “ಆತು. ಗೆದ್ದರ ಮನ್ಯಾಗ ಇರಲಿ. ಸೋತರ ಮರದಿನಾನ ಬಾದಾಮಿಗಿ. ಆಮ್ಯಾಲ ಯಾರೂ ಅಳಬಾರದು.” ಕೊನೆಯ ಮಾತನ್ನು ಅಡಿಗೆಮನೆಯ ಕಡೆ ತಿರುಗಿ ಹೇಳಿದರು. ಸೀದ ರೊಟ್ಟಿ ಅವರ ಗಮನಕ್ಕೆ ಬಂದಿತ್ತೆಂದು ಆಗ ತಿಳಿಯಿತು.

ನಮ್ಮವರು ತೆಳ್ಳಗಿನ ಆಳು, ಸವಾರಿಗೆ ಸರಿಯಾದರು. ಹಾರುವಾಗ ಹೇಗೆ ಮುಂದೆ ಬಾಗಬೇಕು, ಲಗಾಮು ಎಷ್ಟು ಬಿಡಬೇಕು ಎಂದು ಜಮಾದಾರ ಸಾಹೇಬರೇ ಕಲಿಸಿದರು. ತಮ್ಮ ಕುದುರೆಯನ್ನು ಸೋಲಿಸಲು ಅಷ್ಟು ಶ್ರಮಪಟ್ಟವರನ್ನು ನಾನು ಮತ್ತೆ ಕಂಡಿಲ್ಲ. ಹೊಲದಲ್ಲಿ ಮರಿಗೆ ಏನೂ ಕಲಿಸಬೇಕಾಗಿರಲಿಲ್ಲ. ನಮ್ಮವರು ಎರಡು ಸಲ ಬಿದ್ದರು, ಅದು ಒಮ್ಮೆಯೂ ಎಡವಲಿಲ್ಲ. ತೊಂದರೆ ಇದ್ದದ್ದು ಓಣಿಯಲ್ಲಿ. ಹೊಳೆಯಿಂದ ಗಾಳಿಯಂತೆ ಓಡಿ ಬಂದ ಮರಿ ಓಣಿಯ ಮೊದಲ ಮನೆಯ ಬಾಗಿಲು ತೆರೆದದ್ದು ಕಂಡು ಗಕ್ಕನೆ ನಿಂತಿತು. ನಮ್ಮವರು ಬೇರೆಯವರ ಪಡಸಾಲೆಯಲ್ಲಿ ಹೋಗಿ ಬಿದ್ದರು.

ಉಪಾಯ ತೆಗೆದವರು ಅತ್ತೆ. ಶರ್ಯತ್ತಿನ ಹಿಂದಿನ ದಿನ ತಲೆಯ ಮೇಲೆ ಸೆರಗು ಹೊದ್ದು ಓಣಿಯ ಒಂದೊಂದು ಮನೆಗೂ ಹೋದರು.

“ನಾಳಿ ಕುದುರಿ ಬರೂ ಹೊತ್ತಿಗಿ ಬಾಗಲಾ ಹಾಕ್ಕೊಳ್ರೆವ್ವಾ,” ಎಂದರು.

“ಮತ್ತ ನಾವ ಏನ ನೋಡೂದ್ರಿ?” ಎಂದು ಹೆಂಗಸರು ಕೇಳಿದರು.

“ಮಾಳಗಿ ಏರಿ ನೋಡ್ರಿ. ದೇಸಾಯರ ಹೆಂಡ್ತಿ ನೋಡೂದು ಮ್ಯಾಲಿಂದನ. ಒಂದ ದಿನಾ ನೀವೂ ದೇಸಗತಿ ಮಾಡ್ರಿ.”

ಎಲ್ಲರೂ ಒಪ್ಪಿದರು. ಆ ಓಣಿಯಲ್ಲಿ ಮರಿಗೆ ಬೆಲ್ಲ ತಿನ್ನಿಸದ ಕೈ ಒಂದೂ ಇರಲಿಲ್ಲ.

ಶರ್ಯತ್ತಿನ ದಿನ ನಾನು ತುಂಬಿದ ಬಸುರಿ. ನಿಚ್ಚಣಿಕೆ ಏರುವ ಹಾಗಿರಲಿಲ್ಲ. ಅತ್ತೆ ಮಾಳಿಗೆಗೆ ಹೋದರು. ಬೆಳಕಿಂಡಿಯಲ್ಲಿ ಮುಖ ಇಟ್ಟು ಕಂಡದ್ದನ್ನೆಲ್ಲ ನನಗೆ ಹೇಳುತ್ತೇನೆಂದು ಮಾತು ಕೊಟ್ಟಿದ್ದರು. ನಾನು ಒಳಗೋಡೆಗೆ ಒರಗಿ ಕೂತೆ. ಮಾವ ಎಂದಿನಂತೆ ಪಡಸಾಲೆಯಲ್ಲಿ ಸೀರೆಯ ಗಂಟುಗಳ ನಡುವೆ ಗಾದಿಯ ಮೇಲೆ ಕೂತಿದ್ದರು. ತಮಗೆ ಶರ್ಯತ್ತು ಗಿರ್ಯತ್ತು ಬೇಕಾಗಿಲ್ಲ ಎಂದು ಬೆಳಗಿನಿಂದ ಕೇಳಿದವರಿಗೂ ಕೇಳದವರಿಗೂ ಹೇಳಿದ್ದರು. ಕೈಯಲ್ಲಿದ್ದ ಒಂದೇ ಸೀರೆಯನ್ನು ಬಿಚ್ಚುವುದು, ಮತ್ತೆ ಮಡಚುವುದು, ಮತ್ತೆ ಬಿಚ್ಚುವುದು.

“ಒಡ್ಡ ಹಾರಿದುವು,” ಎಂದು ಮೇಲಿನಿಂದ ಅತ್ತೆಯ ದನಿ ಬಂತು. ಸ್ವಲ್ಪ ಹೊತ್ತಾದ ಮೇಲೆ, “ಬೇಲಿ ದಾಟಿದುವು. ನಾಲ್ಕೈದು ಅಲ್ಲೇ ನಿಂತುವು. ಬಿಳೇದು, ಕೆಂಪಂದು, ನಮ್ಮದು, ಮೂರ ಬರಾಕತ್ಯಾವ.” ಆಮೇಲೆ, “ಹಳ್ಳ ಹಾರಿತವ್ವಾ, ನಮ್ಮದು ಮುಂದೈತಿ.”

ಗೊರಸಿನ ಸಪ್ಪಳ ಓಣಿಗೆ ಬಂತು. ಒಂದು ಮನೆಯ ಮುಂದೆಯೂ ನಿಲ್ಲಲಿಲ್ಲ. ಎಲ್ಲ ಬಾಗಿಲುಗಳೂ ಮಾತಿಗೆ ತಪ್ಪದೆ ಮುಚ್ಚಿದ್ದವು. ನಾನು ಸಂತೋಷದಿಂದ ಬಾಗಿಲ ಕಡೆ ನೋಡಿದೆ. ಬೀದಿಯ ಬಿಸಿಲು ಪಡಸಾಲೆಯವರೆಗೆ ಬಿದ್ದಿತ್ತು. ಓಣಿಯ ಬಾಗಿಲುಗಳನ್ನೆಲ್ಲ ಮುಚ್ಚಿಸಿದ್ದ ನಾವು ನಮ್ಮ ಮನೆಯ ಬಾಗಿಲನ್ನು ಮರೆತಿದ್ದೆವು. ಹಗಲಿನಲ್ಲಿ ಎಂದೂ ಹಾಕದ ಕದವನ್ನು ಹಾಕಬಹುದೆಂಬುದೇ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ಮರಿ ಬಂದು ನಿಂತಿತು. ಅದರ ತಲೆ ಹೊಸ್ತಿಲು ದಾಟಿ ಒಳಗೆ ಬಂತು. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಕಿವಿ ಎರಡೂ ನನ್ನ ಕಡೆಗೆ. ಬೆಲ್ಲ ಎಲ್ಲಿ ಎಂದು ಕೇಳುವಂತೆ ಮೂತಿ ಚಾಚಿತು. ಮೇಲೆ ಕೂತ ನಮ್ಮವರು ಹಿಮ್ಮಡಿ ಒತ್ತಿದರು, ಲಗಾಮು ಎಳೆದರು, ಕೊನೆಗೆ “ನಡಿಯ ತಾಯಿ” ಎಂದು ಅಂಗಲಾಚಿದರು. ಅವರ ಹಿಂದೆ ಬಿಳಿಯದು ಏದುಸಿರು ಬಿಡುತ್ತ ದಾಟಿಹೋಯಿತು. ಅದರ ಹಿಂದೆ ಕೆಂಪಿನದು. ನನಗೆ ಏಳಲೂ ಆಗಲಿಲ್ಲ, ಮಾವನ ಮುಂದೆ ಕೂಗಲೂ ಆಗಲಿಲ್ಲ. ಕಣ್ಣಲ್ಲಿ ನೀರು ತುಂಬಿ ಅವರ ಮುಖ ನೋಡಿದೆ.

ಮಾವ ಕೈಯಲ್ಲಿದ್ದ ಸೀರೆಯನ್ನು ನೆಲದ ಮೇಲೆ ಇಟ್ಟರು. ಮಡಚಲಿಲ್ಲ. ಎದ್ದು ಬಾಗಿಲಿಗೆ ಹೋಗಿ ಮರಿಯ ಹಣೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಹಿಂದಕ್ಕೆ ತಳ್ಳಿದರು.

“ಇವತ್ತ ಏನೂ ಬ್ಯಾಡವ್ವಾ. ಮುಂದಿನ ಮನಿಗಿ ನಡಿ,” ಎಂದರು. ಬೇಡವೆನ್ನುವ ಗಿರಾಕಿಗಳು ಅವರಿಗೆ ಹೇಳುತ್ತಿದ್ದ ಮಾತು ಅದು. ಹೇಳಿ, ಎರಡೂ ಕದ ಎಳೆದು ಹಾಕಿ, ಅಗಳಿ ಸರಿಸಿ, ಕದಕ್ಕೆ ಬೆನ್ನು ಕೊಟ್ಟು ನಿಂತರು.

ಪಡಸಾಲೆ ಕತ್ತಲಾಯಿತು. ಹೊರಗೆ ಒಂದು ಗಳಿಗೆ ಏನೂ ಕೇಳಿಸಲಿಲ್ಲ. ಆಮೇಲೆ ಗೊರಸಿನ ಸಪ್ಪಳ ಎದ್ದಿತು, ಅಗಸಿಯ ಕಡೆ ಓಡಿತು.

“ಬಿಳೇದು ಕಣಿಕಿ ಹಂತ್ಯಾಕ ಮುಟ್ಟೇತಿ,” ಎಂದರು ಅತ್ತೆ ಬೆಳಕಿಂಡಿಯಿಂದ. “ಹಾರಾಕ ಒಲ್ಲದು, ನಿಂತೇತಿ. ಕೆಂಪಂದು ಹಾರಾಕತ್ತೇತಿ. ನಮ್ಮದು ಹಿಂದಿಂದ...” ಅಲ್ಲಿಗೆ ಮಾತು ನಿಂತಿತು. ಮಾಳಿಗೆಯ ಮೇಲೆ ಧಡಧಡ ಕಾಲಿನ ಸಪ್ಪಳವಾಗಿ ನಮ್ಮ ತಲೆಯ ಮೇಲೆ ಮಣ್ಣು ಉದುರಿತು. ಅಗಸಿಯ ಕಡೆಯಿಂದ ಊರೇ ಕೂಗಿದ ಸದ್ದು ಬಂತು. ಯಾರಿಗಾಗಿ ಕೂಗಿದರೆಂದು ತಿಳಿಯಲಿಲ್ಲ.

ಮಾವ ಕತ್ತಲಲ್ಲಿ ನನ್ನ ಕಡೆ ತಿರುಗಿದರು. ಆ ಮನೆಗೆ ಬಂದಾಗಿನಿಂದ ಮೊದಲ ಸಲ ನೇರವಾಗಿ ನನ್ನನ್ನೇ ಕೇಳಿದರು: “ಯಾವದವ್ವಾ ಮೊದಲ?”

“ಗೊತ್ತಿಲ್ರಿ ಮಾಂವಾರ,” ಎಂದೆ. ಮೇಲೆ ಅತ್ತೆ ನಗುತ್ತಿದ್ದರೋ ಅಳುತ್ತಿದ್ದರೋ, ಅದೂ ಗೊತ್ತಾಗಲಿಲ್ಲ.

ಕೆಂಪಿನದರ ಹಿಂಗಾಲು ಕಣಿಕೆಗೆ ತಾಗಿ ತುಸು ತಡವರಿಸಿದಾಗ ಮರಿ ಅದರ ಪಕ್ಕದಲ್ಲೇ ಹಾರಿ ಒಂದು ಕತ್ತಿನಷ್ಟು ಮುಂದೆ ಇಳಿಯಿತೆಂದು ಆಮೇಲೆ ತಿಳಿಯಿತು. ಬಿಳಿಯದು ಕಣಿಕೆಯ ಗೋಡೆಯನ್ನೇ ನೆಮ್ಮದಿಯಾಗಿ ಮೇಯುತ್ತ ನಿಂತಿತ್ತಂತೆ. ಸೋತ ಜಮಾದಾರ ಸಾಹೇಬರು ತಮ್ಮ ಕುದುರೆಯ ಕೊರಳು ತಬ್ಬಿಕೊಂಡು, ಇನ್ನು ಆರಾಮ ಇರು ಎಂದು ಎಲ್ಲರೆದುರು ಹೇಳಿದರಂತೆ. ಇದೆಲ್ಲ ಇತರರು ಕಂಡದ್ದು. ನಾನೂ ಮಾವನೂ ಕಂಡದ್ದು ಮುಚ್ಚಿದ ಕದವನ್ನು ಮಾತ್ರ.

ಗೊರಸಿನ ಸಪ್ಪಳ ಮತ್ತೆ ಓಣಿಗೆ ಬಂತು. ಈ ಸಲ ಓಟವಲ್ಲ, ನಡಿಗೆ. ಹಿಂದೆ ಜನರ ಗದ್ದಲ, ಹಲಗೆ ಬಾರಿಸುವ ಸದ್ದು, ನಮ್ಮವರ ನಗು. ಸಪ್ಪಳ ನಮ್ಮ ಮನೆಯ ಮುಂದೆ ನಿಂತಿತು. ಬಾಗಿಲು ಮುಚ್ಚಿತ್ತು, ಪಾಠದ ಪ್ರಕಾರ ಅದು ಮುಂದೆ ನಡೆಯಬೇಕಾಗಿತ್ತು. ನಡೆಯಲಿಲ್ಲ. ಮೂತಿಯಿಂದ ಕದವನ್ನು ಒಮ್ಮೆ ನೂಕಿತು, ಮತ್ತೊಮ್ಮೆ ನೂಕಿತು.

ಮಾವ ಒಳಗೆ ಹೋಗಿ ಕತ್ತಲಲ್ಲೇ ಡಬ್ಬಿ ತಡಕಾಡಿ ಬೆಲ್ಲದ ದೊಡ್ಡ ಹೆಂಟೆ ತಂದರು.

“ಬಾಗಲಾ ತಗಿಯವ್ವಾ,” ಎಂದು ನನಗೇ ಹೇಳಿದರು. “ನಮ್ಮನಿಯಾಕಿ ಬಂದಾಳ.”

ನಾನು ಗೋಡೆ ಹಿಡಿದು ಎದ್ದು ಅಗಳಿ ತೆಗೆದೆ. ಬಿಸಿಲಿನ ಜೊತೆ ಮರಿಯ ತಲೆಯೂ ಒಳಗೆ ಬಂತು. ಅದರ ಜೂಲಿಗೆ ಕಣಿಕೆಯ ಒಂದು ಗರಿ ಸಿಕ್ಕಿಕೊಂಡಿತ್ತು. ಮಾವ ಮೊದಲು ಅದನ್ನು ಬಿಡಿಸಿದರು, ಆಮೇಲೆ ಬೆಲ್ಲ ಕೊಟ್ಟರು.