ಉಚ್ಚಂಗೆವ್ವ ಹುಡುಕಿದ ಆರನೇ ಬೆರಳು

ರಾಣೇಬೆನ್ನೂರಿನ ಸುತ್ತಲಿನ ಬೀಜದ ಪ್ಲಾಟುಗಳಲ್ಲಿ ಉಚ್ಚಂಗೆವ್ವನಷ್ಟು ಅನುಮಾನದ ಹೆಂಗಸು ಇನ್ನೊಬ್ಬಳಿಲ್ಲ. ಅವಳ ಅನ್ನ ಹುಟ್ಟುವುದೇ ಅನುಮಾನದಿಂದ. ಟೊಮೆಟೊ ಹೈಬ್ರಿಡ್ ಬೀಜ ಮಾಡುವ ಹೊಲದಲ್ಲಿ ಅವಳು ಇಪ್ಪತ್ತು ಹೆಂಗಸರ ಮೇಸ್ತ್ರಿ. ಹೆಣ್ಣು ಸಾಲಿನಲ್ಲಿ ನಾಳೆ ಅರಳುವ ಮೊಗ್ಗನ್ನು ಇವತ್ತೇ ಬಿಡಿಸಿ, ಒಳಗಿನ ಕೇಸರವನ್ನು ಚಿಮಟದಿಂದ ಕಿತ್ತು, ಮರುದಿನ ಗಂಡು ಸಾಲಿನ ಹೂವಿನ ಪುಡಿ ಸವರಬೇಕು. ಒಂದು ಮೊಗ್ಗು ಕಣ್ತಪ್ಪಿ ತಾನೇ ಕಾಯಿ ಕಟ್ಟಿತೋ, ಬೀಜವೆಲ್ಲ ಕಲಬೆರಕೆ. ಹಾಗಾಗಿ ಇಪ್ಪತ್ತೈದು ವರ್ಷದಿಂದ ಅವಳು ಎಲ್ಲರ ಬೆನ್ನ ಹಿಂದೆ ನಿಂತು ಎಲೆ ಎತ್ತಿ ನೋಡುತ್ತಲೇ ಬಂದಿದ್ದಾಳೆ. ಆ ಚಾಳಿ ಮನೆಗೂ ಬಂತು. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ. ನಗದಿದ್ದರೆ ಇನ್ನೂ ಜಾಸ್ತಿ ಬಿದ್ದಿದೆ. ಮೊಸರಲ್ಲಿ ಕಲ್ಲು ಹುಡುಕಬೇಡ ಎಂದು ಗಂಡ ಹಾಲೇಶಪ್ಪ ಬೈದರೆ, ಹುಡುಕಿದರೆ ತಾನೆ ಸಿಗೋದು ಅನ್ನುವವಳು.

ಇಂಥವಳಿಗೆ ಮೊಮ್ಮಗಳು ಹುಟ್ಟಿದಳು, ಎಡಗೈಯಲ್ಲಿ ಆರು ಬೆರಳು ಹೊತ್ತು.

ಸೊಸೆ ರೋಹಿಣಿ ಹೆರಿಗೆಗೆಂದು ತವರಾದ ಕದರಮಂಡಲಗಿಗೆ ಹೋಗಿದ್ದಳು. ಕಿರುಬೆರಳ ಪಕ್ಕದಲ್ಲಿ ಇನ್ನೊಂದು ಪುಟ್ಟ ಬೆರಳು, ಎಲುಬಿಲ್ಲದ್ದು, ಉಗುರು ಮಾತ್ರ ಚೆಂದಾಗಿತ್ತು. ಇದೇನು ರೋಗವಲ್ಲ, ಕೆಲವು ಮನೆತನದಲ್ಲಿ ಬರುತ್ತದೆ, ಮಗು ದೊಡ್ಡದಾದ ಮೇಲೆ ತೆಗೆದರಾಯಿತು ಎಂದರು ಬ್ಯಾಡಗಿಯ ಡಾಕ್ಟರು. ಮನೆತನ ಎಂಬ ಮಾತೊಂದೇ ಉಚ್ಚಂಗೆವ್ವನ ಕಿವಿಗೆ ಬಿದ್ದದ್ದು. ನಮ್ಮ ಕಡೆ ಯಾರಿಗೂ ಇಲ್ಲ ಎಂದು ಆಸ್ಪತ್ರೆಯಲ್ಲೇ ಸಾರಿದಳು.

ತೊಟ್ಟಿಲ ದಿನ ಕದರಮಂಡಲಗಿಗೆ ಹೋದವಳು ಮಗುವನ್ನು ನೋಡಿದ್ದಕ್ಕಿಂತ ಬೀಗರ ಕೈಕಾಲು ನೋಡಿದ್ದೇ ಹೆಚ್ಚು. ರೋಹಿಣಿಯ ಅಪ್ಪ ಬೀರಲಿಂಗಪ್ಪ ರಿಟೈರಾದ ಬಸ್ ಕಂಡಕ್ಟರ್. ಮನೆಯೊಳಗೂ ಕಾಲುಚೀಲ ತೆಗೆಯದ ಮನುಷ್ಯ. ಬೆರಳಿನ ಮಾತು ಎತ್ತಿದೊಡನೆ ಅವನು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇನ್ನೇನು ಸಾಕ್ಷಿ ಬೇಕು? ಉಚ್ಚಂಗೆವ್ವ ಕೈಜಾರಿದಂತೆ ಮಾಡಿ ಲೋಟದ ಮಜ್ಜಿಗೆಯನ್ನೆಲ್ಲ ಅವನ ಪಾದದ ಮೇಲೆ ಸುರಿದಳು. ಪಾಪ, ನಾಚುತ್ತ ಚೀಲ ಬಿಚ್ಚಿದ. ಹಿಮ್ಮಡಿ ಒಡೆದು ಬಾಯಿಬಿಟ್ಟಿತ್ತು, ಅಷ್ಟೇ. ಬೆರಳು ಎಣಿಸಿದರೆ ಹತ್ತೇ. ರೋಹಿಣಿಯ ಅವ್ವ, ಅಜ್ಜಿ, ಚಿಕ್ಕಪ್ಪಂದಿರು, ಎಲ್ಲರಿಗೂ ದೇವರು ಲೆಕ್ಕವಾಗಿಯೇ ಕೊಟ್ಟಿದ್ದ.

ಬೇರೆಯವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಇವಳ ಅನುಮಾನ ಅಲ್ಲಿಂದ ಬೆಳೆಯಿತು. ಒಂದು ದಿನ ಊಟಕ್ಕೆ ಕೂತ ಮಗ ಸಿದ್ದೇಶನ ಮುಂದೆ ಅಂದೇಬಿಟ್ಟಳು.

“ನಮ್ಮ ಕಡೀಗೂ ಇಲ್ಲ, ಅವರ ಕಡೀಗೂ ಇಲ್ಲ. ಮತ್ತ ಎಲ್ಲಿಂದ ಬಂತಪಾ ಅದು?”

ಸಿದ್ದೇಶ ತಾಟು ಸರಿಸಿ ಎದ್ದು ಹೋದ. ಇಂಥ ಮಾತು ಆಡಿದ ನಾಲಗೆಗೆ ಸುಣ್ಣ ಬಳಿಯಬೇಕು. ಆ ಮಾತು ಕದರಮಂಡಲಗಿಗೂ ಮುಟ್ಟಿತು; ಮುಟ್ಟದೆ ಇರುತ್ತದೆಯೇ? ಐದನೇ ತಿಂಗಳಲ್ಲಿ ಅತ್ತೆಯೇ ಹೋಗಿ ಬಾಣಂತಿಗೆ ಉಡಿ ತುಂಬಿ, ತಾಯಿ ಮಗುವನ್ನು ಮನೆಗೆ ಕರೆತರುವುದು ವಾಡಿಕೆ. ಉಚ್ಚಂಗೆವ್ವ ಹೋಗಲಿಲ್ಲ. ಅವಳು ಹೋಗದ ಹೊರತು ರೋಹಿಣಿ ಬರುವಂತಿಲ್ಲ. ಕೊನೆಗೆ ಸಿದ್ದೇಶ, ಬ್ಯಾಡಗಿಯಲ್ಲಿ ಬಾಡಿಗೆ ಮನೆ ನೋಡಿದ್ದೇನೆ, ಹೆಂಡತಿ ಮಗಳನ್ನು ಅಲ್ಲಿಗೇ ಕರಕೊಂಡು ಹೋಗುತ್ತೇನೆ ಎಂದ. ಆಗ ಅವಳ ಹಟ ಸಡಿಲಾಯಿತು. ಇರುವವನು ಒಬ್ಬನೇ ಮಗ.

ಬೆರಳನ್ನು ಮೊದಲು ಉದುರಿಸಿ, ಆಮೇಲೆ ಕರೆತರೋಣ ಎಂದು ಉಪಾಯ ಹೂಡಿದಳು. ಅವಳ ತವರು ದೇವರಗುಡ್ಡದಲ್ಲಿ ಫಕ್ಕೀರವ್ವ ಎಂಬ ಸೂಲಗಿತ್ತಿ ಇದ್ದಳು. ಹಿಂದೆ ಕೂಸುಗಳ ಹೆಚ್ಚಿನ ಬೆರಳಿಗೆ ಕುದುರೆ ಬಾಲದ ಕೂದಲು ಬಿಗಿದು ಉದುರಿಸುತ್ತಿದ್ದವಳು. ಈಗ ತೊಂಬತ್ತರ ಹತ್ತಿರ, ಕಣ್ಣು ಮಂಜು. ಯಾರದೋ ಕೂಸು ಎಂದು ಉಚ್ಚಂಗೆವ್ವ ಸುಳ್ಳು ಹೇಳಿ ಕೇಳಿದಳು. ಅದನ್ನೆಲ್ಲ ಬಿಟ್ಟು ಎಷ್ಟೋ ವರ್ಷವಾಯಿತು, ಕೂಸಿಗೆ ನಂಜಾಗುತ್ತದೆ, ದವಾಖಾನೆಗೆ ಒಯ್ಯಿರಿ ಎಂದಳು ಮುದುಕಿ. ಆಮೇಲೆ ಉಚ್ಚಂಗೆವ್ವನ ಎಡಗೈ ಹಿಡಿದು, ಕಿರುಬೆರಳ ಬುಡದ ಹೊರಗೆ ಹೆಬ್ಬೆರಳಿಟ್ಟಳು. ಅಲ್ಲೊಂದು ಮೆಂತೆ ಕಾಳಿನಷ್ಟು ಗಂಟು.

“ಕಟ್ಟಿದ್ರ ಹಿಂಗ ಬುಡ ಉಳೀತೈತಿ ನೋಡು.”

“ನರೂಲಿ ಅದು. ನಮ್ಮವ್ವ ಹೇಳ್ಯಾಳ.”

“ನರೂಲಿ ಅಲ್ಲವಾ. ನೀ ಹುಟ್ಟಿದ ಐದನೇ ದಿನ ನಾನ ಕಟ್ಟಿದ್ದೆ. ಹುಡುಗಿ ಲಗ್ನ ಆಗೂದಿಲ್ಲ, ಯಾರ ಮುಂದೂ ಅನಬ್ಯಾಡ ಅಂತ ನಿಮ್ಮವ್ವ ಆಣಿ ಹಾಕಿಸಿದ್ಲು.”

ಮುದುಕಿಗೆ ಅರಳುಮರಳು ಎಂದುಕೊಂಡಳು ಮೊದಲು. ಆದರೆ ಕಣ್ಣು ಕಾಣದವಳ ಹೆಬ್ಬೆರಳು ನೆಟ್ಟಗೆ ಆ ಗಂಟಿಗೇ ಬಂದಿತ್ತು. ಉಚ್ಚಂಗೆವ್ವನಿಗೆ ಸತ್ತ ಅವ್ವನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆ ಬಂತು. ಸುಮ್ಮನಿದ್ದುಬಿಟ್ಟರೆ ಯಾರಿಗೆ ತಿಳಿಯುತ್ತದೆ ಎಂಬ ಆಸೆ ಬಸ್ಸಿನಲ್ಲಿ ಸುಳಿಯದೆ ಇರಲಿಲ್ಲ. ಆದರೆ ಮಗನ ಮುಂದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳದೆ ದಾರಿಯಿರಲಿಲ್ಲ. ರಾಣೇಬೆನ್ನೂರಿನಲ್ಲಿ ಇಳಿದವಳು ಮನೆಗೆ ಹೋಗದೆ ಕದರಮಂಡಲಗಿಯ ಬಸ್ ಹತ್ತಿದಳು.

ರೋಹಿಣಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಉಚ್ಚಂಗೆವ್ವ ಎದುರು ಕೂತು, ಬೀಗರೆಲ್ಲ ಕೇಳುವಂತೆ, ಬೆರಳು ಬಂದದ್ದು ತನ್ನಿಂದ ಎಂದು ಕೈ ಚಾಚಿ ತೋರಿಸಿದಳು. ತನಗೂ ಇವತ್ತೇ ಗೊತ್ತಾಯಿತು, ತಪ್ಪಾಯಿತು, ಮನೆಗೆ ಬಾ ಎಂದಳು. ಅವಳ ಜೀವಮಾನದಲ್ಲಿ ಇಷ್ಟು ನೇರವಾಗಿ ತಪ್ಪೊಪ್ಪಿಕೊಂಡದ್ದು ಅದೇ ಮೊದಲು.

ರೋಹಿಣಿ ಆ ಕೈಯನ್ನು ನೋಡಲೂ ಇಲ್ಲ.

“ಹೆರಿಗಿ ಆದ ದಿನಾನ ಡಾಕ್ಟರ್ ಕೇಳಿದ್ರು, ಮನ್ಯಾಗ ಯಾರ ಕೈಯಾಗರ ಬೆರಳು ಉದುರಿಸಿದ ಗಂಟು ಐತೇನು ಅಂತ. ನನಗ ನಿಮ್ಮ ಕೈ ನೆನಪಾತು. ನೀವ ಹೇಳತೀರಿ ಅಂತ ಇಷ್ಟು ದಿನ ಬಾಯಿ ಕಟಗೊಂಡು ಕುಂತೇನಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾತೇನ್ರಿ ಅತ್ತಿ ನಿಮಗ?”

ದೇವರಾಣೆ, ಗೊತ್ತಿರಲಿಲ್ಲ ಎಂದಳು ಉಚ್ಚಂಗೆವ್ವ. ಬೇಕಾದರೆ ದೇವರಗುಡ್ಡಕ್ಕೆ ಹೋಗಿ ಫಕ್ಕೀರವ್ವನನ್ನೇ ಕೇಳು ಎಂದು ಅಂಗಲಾಚಿದಳು.

“ಮನೀಗೆ ಬರತೇನ್ರಿ, ನನ್ನ ಮನಿ ಅದು. ಆದ್ರ ಈ ಮಾತು ನಂಬೂದಿಲ್ಲ,” ಎಂದಳು ರೋಹಿಣಿ. “ಆ ಮುದುಕಿಗೆ ನೀವ ಹೇಳಿಕೊಟ್ಟು ಬಂದಿರಬೇಕು.”

 ಸೊಸೆಯ ಜಾಗದಲ್ಲಿ ತಾನಿದ್ದಿದ್ದರೂ ಉಚ್ಚಂಗೆವ್ವ ಅದನ್ನೇ ಅನ್ನುತ್ತಿದ್ದಳು.